ಅಮ್ಮ ಹೋದ ಮೇಲೂ ಮುಂಬೈ ಬಿಡಲು ಮನಸ್ಸಿಲ್ಲ. ಪರೇಲ್‌ನ ಖೋಲಿ ಇಟ್ಟುಕೊಳ್ಳಲಾ, ಬಿಡಲಾ?

ಪರೇಲ್ ಹುಡುಗಿ
ಎಲ್ಲರಿಗೂ ನಮಸ್ಕಾರ. ಮುಂಬೈಯಲ್ಲಿ ಇರುವವರು, ಇದ್ದು ಬಂದವರು ಇಲ್ಲಿ ತುಂಬ ಜನ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಪರೇಲ್‌ನ ಒಂದು ಚಾಳಿನಲ್ಲಿ, ಅಂದರೆ ಸಾಲು ಸಾಲು ಖೋಲಿಗಳ (ಒಂಟಿ ರೂಮುಗಳ) ಹಳೇ ಬಾಡಿಗೆ ಕಟ್ಟಡದಲ್ಲಿ. ಮದುವೆಯಾಗಿ ಈಗ ಬೆಂಗಳೂರಿನಲ್ಲಿದ್ದೇನೆ. ಅಪ್ಪ ಹೋಗಿ ಬಹಳ ವರ್ಷ ಆಯ್ತು. ಅಮ್ಮ ಮಾತ್ರ ಖೋಲಿ ಬಿಟ್ಟು ಬರಲೇ ಇಲ್ಲ. ಹೋದ ವರ್ಷ ಮಳೆಗಾಲದಲ್ಲಿ ಅಮ್ಮನೂ ಹೋದರು. ಈಗ ಖೋಲಿಗೆ ಬೀಗ. ಪಗಡಿ ರೂಮು, ಅಂದರೆ ಮೊದಲೇ ಒಂದು ದೊಡ್ಡ ಮೊತ್ತ ಕೊಟ್ಟು ಹಿಡಿದ ಹಳೇ ಬಾಡಿಗೆ ರೂಮು. ತಿಂಗಳ ಬಾಡಿಗೆ ಚಿಲ್ಲರೆ ಕಾಸು. ಮಾಲೀಕರ ಕಡೆಯವರು ಒಂದಿಷ್ಟು ದುಡ್ಡು ಕೊಡ್ತೇವೆ, ಬರೆದುಕೊಟ್ಟು ಖಾಲಿ ಮಾಡಿ ಅನ್ನುತ್ತಿದ್ದಾರೆ. ಮಂಗಳೂರಿನಲ್ಲಿರುವ ತಮ್ಮ "ಕೊಟ್ಟುಬಿಡುವ ಅಕ್ಕ, ಅಲ್ಲಿ ಯಾರು ಹೋಗಿ ಇರ್ತಾರೆ" ಅಂತಾನೆ. ಅವನು ಹೇಳೋದರಲ್ಲಿ ತಪ್ಪೇನಿಲ್ಲ.

ಆದರೆ ರಜೆ ಸಿಕ್ಕಿದ ಕೂಡಲೇ ನನಗೆ ಮುಂಬೈಗೆ ಓಡಬೇಕು ಅನಿಸುತ್ತದೆ. ಓಡುತ್ತೇನೆ ಕೂಡ. ಅಲ್ಲಿ ಹೋಗಿ ಏನು ಮಾಡ್ತೀಯ ಅಂತ ಮನೆಯವರು ಕೇಳಿದರೆ ಹೇಳೋಕೆ ಏನೂ ಇಲ್ಲ. ಬೀಗ ತೆಗೆದು ಗುಡಿಸುತ್ತೇನೆ. ಲಾಲ್‌ಬಾಗ್‌ನ ಮಸಾಲೆ ಅಂಗಡಿಗಳ ಕಡೆ ಒಂದು ಸುತ್ತು. ಅಲ್ಲಿಂದ ದಾದರ್ ಹೂವಿನ ಮಾರ್ಕೆಟ್ಟು. ಆಮೇಲೆ ಮಾಟುಂಗಾದಲ್ಲಿ ಕಾಫಿ. ಅದು ಅಮ್ಮನ ಸುತ್ತು. ಬೆಂಗಳೂರಿನಲ್ಲಿ ಅಮ್ಮನ ನೆನಪಾದರೆ ಅಳು ಬರುತ್ತದೆ. ಮುಂಬೈಯಲ್ಲಿ ನೆನಪಾದರೆ ಹಸಿವಾಗುತ್ತದೆ. ನಗಬೇಡಿ, ನಿಜ ಹೇಳ್ತಿದ್ದೇನೆ.

ಇದು ಮುಂಬೈ ಮೇಲಿನ ಪ್ರೀತಿಯಾ, ಅಮ್ಮ ಇಲ್ಲ ಅಂತ ಒಪ್ಪಿಕೊಳ್ಳದ ಹಟವಾ? ಖೋಲಿ ಬಿಟ್ಟರೆ ಮುಂಬೈಯೂ ಕೈಬಿಟ್ಟು ಹೋಗುತ್ತದೆ ಅನ್ನೋ ಹೆದರಿಕೆ ನನಗೆ. ನಿಮಗೆ ಯಾರಿಗಾದರೂ ಹೀಗಾಗಿದೆಯಾ?

ಕಾಪು ಕಡಲು
ಬಿಡಬೇಡಿ ಅಕ್ಕ. ಈಗ ಬಿಟ್ಟರೆ ಆಮೇಲೆ ಪರೇಲ್‌ನಲ್ಲಿ ಪಾರ್ಕಿಂಗ್ ಜಾಗವೂ ಸಿಗಲ್ಲ.

ಬನಶಂಕರಿ ಬಾಲ್ಕನಿ
ನಾನು ಉಲ್ಟಾ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಮೇಡಂ. ಅಮ್ಮನ ನೆನಪಿಗೆ ರೂಮು ಯಾಕೆ? ನಮ್ಮಮ್ಮ ಹೋದ ಮೇಲೆ ನಾವು ಮನೆ ಮಾರಿದ್ವಿ. ನೆನಪು ಏನೂ ಕಮ್ಮಿ ಆಗಿಲ್ಲ. ಬೀಗ ಹಾಕಿದ ರೂಮನ್ನ ಗುಡಿಸಿ ಬರೋಕೆ ಅಷ್ಟು ದೂರ ಹೋಗೋದು ಒಂದು ವರ್ಷ ಸರಿ. ಹತ್ತು ವರ್ಷ ಮಾಡ್ತೀರಾ? ಕೊಡೋ ದುಡ್ಡು ತಗೊಂಡು ಮಕ್ಕಳ ಹೆಸರಲ್ಲಿ ಇಡಿ.

ಇನ್ನೊಂದು. ಮುಂಬೈ ಅಂದ ತಕ್ಷಣ ಎಲ್ಲರೂ ಯಾಕೆ ಇಷ್ಟು ಕರಗ್ತಾರೋ ನನಗಂತೂ ಗೊತ್ತಾಗಿಲ್ಲ. ಸೆಕೆ, ನೂಕುನುಗ್ಗಲು, ಮಳೆ ಬಂದರೆ ಸೊಂಟದ ತನಕ ನೀರು. ಏನಿದೆ ಅಲ್ಲಿ?

ಗೋರೇಗಾಂವ್ಕರ
ಬಾಲ್ಕನಿಯವರೇ, 2022ರ ಸೆಪ್ಟೆಂಬರ್‌ನಲ್ಲಿ ನಿಮ್ಮೂರಿನ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋ ನಾವೂ ನೋಡಿದ್ದೇವೆ. ನೀರಿನ ವಿಷಯ ಬಿಡಿ.

ಬನಶಂಕರಿ ಬಾಲ್ಕನಿ
ಅದು ಬೆಳ್ಳಂದೂರು ಕಡೆ ಸ್ವಾಮಿ. ಬನಶಂಕರಿ ಎತ್ತರದಲ್ಲಿದೆ.

ಬೋರಿವಲಿ ಲೇಡೀಸ್
ಪರೇಲ್ ಅವರೇ, ನೀವು ಬರೆದದ್ದು ಓದಿ ನಮ್ಮಮ್ಮನ ವಿಷಯ ಹೇಳಬೇಕು ಅನಿಸಿತು. ಸ್ವಲ್ಪ ಉದ್ದ ಆಗುತ್ತೆ.

ಅಮ್ಮ ಚರ್ಚ್‌ಗೇಟ್ ಹತ್ತಿರ ಒಂದು ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟ್. 1992ರ ಮೇ 5ಕ್ಕೆ ಚರ್ಚ್‌ಗೇಟ್ ಬೋರಿವಲಿ ನಡುವೆ ಲೇಡೀಸ್ ಸ್ಪೆಷಲ್ ರೈಲು ಶುರುವಾಯಿತಲ್ಲ, ಅಂದಿನಿಂದ ನಿವೃತ್ತಿಯ ತನಕ ಅದೇ ಗಾಡಿ, ಅದೇ ಡಬ್ಬಾ. ನಮಗೆ ಗೊತ್ತಿದ್ದದ್ದು ಇಷ್ಟೇ. ಅಮ್ಮ ಸಾಯಂಕಾಲ ಮನೆಗೆ ಬರುವಾಗ ಬೀನ್ಸ್ ಸೋಸಿ ತಯಾರಾಗಿರುತ್ತಿತ್ತು, ಅದು ರೈಲಿನಲ್ಲಿ ಆದ ಕೆಲಸ. ಸಂಕ್ರಾಂತಿಗೆ ಅರಿಶಿನ ಕುಂಕುಮ ರೈಲಿನಲ್ಲಿ. ದಸರೆಗೆ ಡಬ್ಬಾಕ್ಕೆ ಚೆಂಡುಹೂವಿನ ತೋರಣ. ಮನೆಯಲ್ಲಿ ಅಪ್ಪ "ನಿನ್ನಮ್ಮನ ಸಂಸಾರ ಎಲ್ಲ ವೆಸ್ಟರ್ನ್ ಲೈನಿನಲ್ಲಿ" ಅಂತ ತಮಾಷೆ ಮಾಡುತ್ತಿದ್ದರು.

ಅಮ್ಮ ಹೋದ ಹನ್ನೆರಡನೇ ದಿನ ಬಾಗಿಲಲ್ಲಿ ಒಂದು ಹಿಂಡು ಹೆಂಗಸರು. ಗುಜರಾತಿ, ಮರಾಠಿ, ಒಬ್ಬರು ಕ್ರಿಶ್ಚಿಯನ್ ಆಂಟಿ, ಒಬ್ಬರು ಮಲಯಾಳಿ. ನಾವು ಯಾರನ್ನೂ ನೋಡಿದವರಲ್ಲ. ಅವರಿಗೆ ನಮ್ಮ ಮನೆಯ ವಿಷಯ ಎಲ್ಲ ಗೊತ್ತು. ನನಗೆ ಹತ್ತನೇ ಕ್ಲಾಸಿನಲ್ಲಿ ಗಣಿತ ಹೋದದ್ದೂ ಗೊತ್ತು! ಅಮ್ಮ ಅವರಿಗೆ ದಾಸರ ಪದ ಕಲಿಸಿದ್ದರಂತೆ. ಅಮ್ಮ ಹಾಡುತ್ತಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಒಂದು ದಿನ ಗುನುಗಿದವರಲ್ಲ.

ಆವತ್ತು ನನಗೆ ಅಳುವಿಗಿಂತ ಹೊಟ್ಟೆಕಿಚ್ಚು ಜಾಸ್ತಿ ಆಯ್ತು. ನಮಗೆ ಸಿಗದ ಅಮ್ಮ ಈ ಊರಿಗೆ ಸಿಕ್ಕಿದ್ದಳು. ಈಗ ನಾನು ಸುಮ್ನೆ ಒಂದೊಂದು ಸಲ ಆ ಗಾಡಿ ಹತ್ತುತ್ತೇನೆ. ಚೌಥಾ ಸೀಟಿನಲ್ಲಿ ಅರ್ಧ ಕೂತು ಹೋಗುತ್ತೇನೆ. ಯಾರಿಗೂ ಹೇಳಿಲ್ಲ, ಇಲ್ಲೇ ಮೊದಲು ಹೇಳಿದ್ದು.

ಹೊಸಬ
ಚೌಥಾ ಸೀಟು ಅಂದ್ರೇನು?

ಗೋರೇಗಾಂವ್ಕರ
ಮೂರು ಜನ ಕೂರೋ ಸೀಟಿನಲ್ಲಿ ನಾಲ್ಕನೆಯವರು. ಒಂದು ಕಡೆ ಸೀಟಿನ ಮೇಲೆ, ಇನ್ನೊಂದು ಕಡೆ ಗಾಳಿಯಲ್ಲಿ. ಮುಂಬೈಯಲ್ಲಿ ಅದು ಹಕ್ಕು. ಕೇಳಬೇಕಾಗಿಲ್ಲ, ಕೈ ಸನ್ನೆ ಮಾಡಿದರೆ ಸಾಕು, ಉಳಿದವರು ಸರಿಯುತ್ತಾರೆ.

ಸೊಲ್ಲಾಪುರ ಗಾಡಿ
ಎಲ್ಲ ಓದಿದೆ ರೀ. ಚೊಲೋ ಬರೆದಿದ್ದೀರಿ. ಆದರೆ ಒಂದು ಮಾತು ಹೇಳ್ತೀನಿ, ಸಿಟ್ಟಾಗಬೇಡಿ.

ನಮ್ಮವ್ವ ಮುಂಬೈಗೆ ಬಂದದ್ದು 1972ರ ಬರಗಾಲದಾಗ. ವಿಜಯಪುರ ಕಡೆಯ ಹಳ್ಳಿ ನಮ್ಮದು. ಬಾವಿ ಬತ್ತಿದ ಮೇಲೆ ಊರಿಗೂರೇ ಎದ್ದು ಬಂದಿತ್ತು. ನಾಕಾದಲ್ಲಿ, ಕೂಲಿಯವರು ಸೇರೋ ರಸ್ತೆ ಮೂಲೆಯಲ್ಲಿ, ಬೆಳಿಗ್ಗೆ ನಿಂತು ಕೆಲಸ ಹಿಡಿಯೋದು. ಗಾರೆ, ಇಟ್ಟಿಗೆ, ಮರಳು. ಆಗ ಈಗಿನಂತೆ ಲಿಫ್ಟು ಕ್ರೇನು ಎಲ್ಲ ಕಡೆ ಇರಲಿಲ್ಲ, ಬಿದಿರಿನ ಅಟ್ಟಣಿಗೆ ಮೇಲೆ ಬುಟ್ಟಿ ಹೊತ್ತು ಹತ್ತಬೇಕು. ಮಗುವನ್ನು ಕೆಳಗೆ ಮರಳಿನ ರಾಶಿ ಮೇಲೆ ಮಲಗಿಸೋದು. ಆ ಮಗು ನಾನು.

ಅವ್ವಗೆ ಮುಂಬೈ ಅಂದರೆ ಆಗ್ತಿರಲಿಲ್ಲ. ಒಮ್ಮೆ ಅಂಧೇರಿಯಲ್ಲಿ ಬಸ್ಸಿನಿಂದ ಒಂದು ಕಟ್ಟಡ ತೋರಿಸಿ "ಏಳನೇ ಮಾಳಿಗೆತನಕ ಇಟ್ಟಿಗೆ ಹೊತ್ತೀನಿ ಇದಕ್ಕ" ಅಂದಳು. ನಾನು ಸಣ್ಣವ, ಹೋಗಿ ನೋಡೋಣ ಅಂತ ಹಟ ಮಾಡಿದೆ. ಇಳಿದು ಹೋದ್ವಿ. ವಾಚ್‌ಮನ್ ಗೇಟಿನೊಳಗೆ ಬಿಡಲಿಲ್ಲ. ಅವ್ವ ಒಂದು ಮಾತೂ ಆಡದೆ ತಿರುಗಿದಳು. ಕೊನೆಗಾಲಕ್ಕೆ ಊರಿಗೆ ಹೋದವಳು ಮತ್ತೆ ಮುಂಬೈ ಹೆಸರು ಎತ್ತಲಿಲ್ಲ.

ಹಾಗಾಗಿ "ಅಮ್ಮ, ಮುಂಬೈ, ಪ್ರೀತಿ" ಅಂತ ಓದುವಾಗ ನನಗೆ ಒಂಥರಾ ಆಗ್ತದೆ. ನಿಮ್ಮಮ್ಮನಿಗೆ ಬೀಗ ಹಾಕೋಕೆ ಒಂದು ಖೋಲಿ ಇತ್ತು.

ಕಾಪು ಕಡಲು
ಅಣ್ಣ... ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಮರವಂತೆ ಮಾಣಿ
ಸತ್ಯ ಮಾರಾಯ್ರೆ. ಹೋಟ್ಲಿಗೆ ಬಂದ ನಮ್ಮವರ ಕಥೆಯೂ ಇಂಥದ್ದೇ. ಹನ್ನೆರಡು ವರ್ಷಕ್ಕೆ ಓಡಿ ಬಂದು ಲೋಟ ತೊಳೆದವರು, ರಾತ್ರಿ ಅದೇ ಟೇಬಲ್ ಮೇಲೆ ಮಲಗಿದವರು, ಫೋರ್ಟ್ ಕಡೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಆಮೇಲೆ ಹೋಟ್ಲು ಮಾಡಿದ ನಾಲ್ಕು ಜನರ ಕಥೆ ಮಾತ್ರ ಎಲ್ಲರೂ ಹೇಳ್ತಾರೆ.

ಪರೇಲ್ ಹುಡುಗಿ
ಸೊಲ್ಲಾಪುರದವರೇ, ಸಿಟ್ಟು ಯಾಕೆ ಮಾಡಲಿ. ಗೇಟಿನ ವಿಷಯ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ನಮ್ಮಮ್ಮನ ಕಥೆ ಅಷ್ಟು ಕಷ್ಟದ್ದಲ್ಲ. ಆದರೂ ಹೇಳ್ತೇನೆ. ಅಮ್ಮ ಕಾರ್ಕಳ ಕಡೆಯವರು. 1979ರಲ್ಲಿ ಮದುವೆಯಾಗಿ ಬಂದರು. ಅಪ್ಪ ಗಿರಣಿಯ ಹತ್ತಿರದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಪಾಳಿ ಬಿಟ್ಟಾಗ ಚಾ ಕುಡಿಯೋಕೆ ಬರುತ್ತಿದ್ದ ಗಿರಣಿ ಕಾರ್ಮಿಕರೇ ಅಲ್ಲಿನ ಗಿರಾಕಿಗಳು. 1982ರ ಜನವರಿ 18ಕ್ಕೆ ಗಿರಣಿ ಮುಷ್ಕರ ಶುರುವಾಯಿತು. ಎರಡು ಲಕ್ಷಕ್ಕೂ ಜಾಸ್ತಿ ಜನ ಕೆಲಸ ಬಿಟ್ಟು ಕೂತರು. ಹೋಟೆಲಿಗೆ ಗಿರಾಕಿ ಎಲ್ಲಿಂದ? ಕೆಲವು ತಿಂಗಳಲ್ಲಿ ಅದೂ ಮುಚ್ಚಿತು. ಅಪ್ಪ ಬಾಗಿಲ ಹತ್ತಿರ ಪೇಪರ್ ಓದುತ್ತಾ ಕೂತರು. ಓದಿದ ಪೇಪರನ್ನೇ ಮತ್ತೆ ಓದುತ್ತಿದ್ದರಂತೆ.

ಪಕ್ಕದ ಖೋಲಿಯ ಮಾಲ್ವಣದ ಮಾವಶಿ ಅಮ್ಮನನ್ನು ಲಿಜ್ಜತ್ ಹಪ್ಪಳದ ಕೇಂದ್ರಕ್ಕೆ ಕರೆದುಕೊಂಡು ಹೋದರು. ಬೆಳಿಗ್ಗೆ ಕಲಸಿದ ಹಿಟ್ಟು ತರೋದು, ಮನೆಯಲ್ಲಿ ಲಟ್ಟಿಸಿ ಒಣಗಿಸೋದು, ಮರುದಿನ ತೂಕ ಮಾಡಿ ಕೊಟ್ಟು ದುಡ್ಡು ಎಣಿಸಿಕೊಳ್ಳೋದು. ಅಮ್ಮನ ಕೈಗೆ ಅಂತ ಬಂದ ಮೊದಲ ದುಡ್ಡು ಅದು. ಅದರಲ್ಲಿ ಲಾಲ್‌ಬಾಗ್‌ನಿಂದ ಒಂದು ಸ್ಟೀಲ್ ಡಬ್ಬ ತಂದರು. ಹೆಸರು ಕೊರೆಸಿದರು. ಅಪ್ಪನ ಹೆಸರಲ್ಲ, ತನ್ನದು. ಚಾಳಿನಲ್ಲೆಲ್ಲ ಪಾತ್ರೆ ಮೇಲೆ ಗಂಡಸರ ಹೆಸರು ಇದ್ದ ಕಾಲ ಅದು.

ವಾಶಿ ಅಕ್ಕ
ಲಿಜ್ಜತ್ ಶುರುವಾದದ್ದೂ ಅಲ್ಲೇ ಹತ್ತಿರ, ಗಿರ್ಗಾಂವ್‌ನಲ್ಲಿ. 1959ರ ಮಾರ್ಚ್ 15, ಏಳು ಜನ ಹೆಂಗಸರು, 80 ರೂಪಾಯಿ ಸಾಲ. ಇವತ್ತಿಗೂ ಸದಸ್ಯರು ಹೆಂಗಸರೇ. ನಮ್ಮ ಅತ್ತೆಯೂ ಲಟ್ಟಿಸುತ್ತಿದ್ದರು. ಮಳೆಗಾಲದಲ್ಲಿ ಮನೆ ತುಂಬ ಹಪ್ಪಳ, ಕಾಲಿಡೋಕೆ ಜಾಗ ಇಲ್ಲ, ಮಕ್ಕಳು ಮಂಚದ ಮೇಲೆ ಕೂತೇ ಊಟ.

ಪರೇಲ್ ಹುಡುಗಿ, ಒಂದು ಪ್ರಶ್ನೆ. ನೀವು "ಅಮ್ಮನ ನೆನಪಿಗೆ ಮುಂಬೈ" ಅಂತೀರಲ್ಲ, ಅಮ್ಮನಿಗೇ ಮುಂಬೈ ಇಷ್ಟ ಇತ್ತಾ? ಬೋರಿವಲಿಯವರ ಅಮ್ಮನಿಗೆ ಇತ್ತು. ಸೊಲ್ಲಾಪುರದವರ ಅವ್ವನಿಗೆ ಇರಲಿಲ್ಲ. ನಿಮ್ಮಮ್ಮ?

ಪರೇಲ್ ಹುಡುಗಿ
ಬಾಯಿ ಬಿಟ್ಟು ಹೇಳಿದ್ದಿಲ್ಲ. ಆದರೆ ಬೇಸಿಗೆ ರಜೆಗೆ ಊರಿಗೆ ಹೋದರೆ ಒಂದು ವಾರ ಆಗುವಾಗ "ನೀರಿನ ಟೈಮು ತಪ್ಪುತ್ತೆ" ಅನ್ನೋಕೆ ಶುರು. ಊರಲ್ಲಿ ಬಾವಿ ತುಂಬ ನೀರು! ಚಾಳಿನಲ್ಲಿ ಬೆಳಗಿನ ಜಾವ ನಲ್ಲಿ ಮುಂದೆ ಕೊಡ ಇಡೋದು, ಅಲ್ಲಿ ನಡೆಯೋ ಮಾತು, ಅದು ಬೇಕಿತ್ತು ಅವರಿಗೆ. ಊರಿನಲ್ಲಿ ಅಮ್ಮ ದೊಡ್ಡ ಮನೆಯ ಮೂರನೇ ಸೊಸೆ. ಮೂಲೆಯಲ್ಲಿ ಕೂತು ತೆಂಗಿನಕಾಯಿ ತುರಿಯೋ ಕೆಲಸ. ಪರೇಲ್‌ನಲ್ಲಿ ಅಮ್ಮನ ಮಾತಿಗೆ ಇಡೀ ಮಜಲು ಕಿವಿ ಕೊಡುತ್ತಿತ್ತು. ಮರಾಠಿ ಬೈಗುಳ ಎಷ್ಟು ಚೆಂದ ಬರುತ್ತಿತ್ತು ಗೊತ್ತಾ!

ಊರಿಗೆ ಹೋಗೋದೂ ಸುಲಭ ಇರಲಿಲ್ಲ. ಆಗ ಬಸ್ಸೇ ಗತಿ. ಒಂದು ರಾತ್ರಿ, ಒಂದು ಹಗಲು. ಘಾಟಿಯಲ್ಲಿ ನಾನು ವಾಂತಿ, ತಮ್ಮ ವಾಂತಿ.

ಮರವಂತೆ ಮಾಣಿ
96ರಲ್ಲಿ ಮತ್ಸ್ಯಗಂಧ ರೈಲು ಬಂದ ಮೇಲೆ ಅಲ್ವಾ ನಮಗೆಲ್ಲ ಬಿಡುಗಡೆ.

ಗೋರೇಗಾಂವ್ಕರ
96 ಅಲ್ಲ ಮಾರಾಯ್ರೆ, 98. ಕೊಂಕಣ ರೈಲ್ವೆ ಪೂರ್ತಿ ದಾರಿ ತೆರೆದದ್ದು 1998ರ ಜನವರಿ 26. ಮತ್ಸ್ಯಗಂಧ ಆ ವರ್ಷ ಮೇ 1ಕ್ಕೆ. ಕುರ್ಲಾದಿಂದ ಹೊರಟದ್ದು.

ಮರವಂತೆ ಮಾಣಿ
ಎರಡು ವರ್ಷಕ್ಕೆ ಇಷ್ಟು ಜೋರಾ. ಇರಲಿ. ಆ ಗಾಡಿ ಬಂದ ಮೇಲೆ ಬಸ್ಸಿನಲ್ಲಿ ಪಾರ್ಸೆಲ್ ಕಳಿಸೋ ಮಜಾ ಹೋಯ್ತು. ಅಜ್ಜಿ ಕಳಿಸಿದ ಹಲಸಿನ ಹಪ್ಪಳ, ಕುಚ್ಚಲಕ್ಕಿ, ಒಣಮೀನು. ಬಸ್ಸು ಬರೋ ಜಾಗಕ್ಕೆ ಬೆಳಿಗ್ಗೆ ಹೋಗಿ ಕಾಯಬೇಕು. ಒಣಮೀನಿನ ವಾಸನೆಗೆ ಡ್ರೈವರ್ ಬೈಯಬೇಕು.

ಬನಶಂಕರಿ ಬಾಲ್ಕನಿ
ಚರ್ಚೆ ಎಲ್ಲಿಂದ ಎಲ್ಲಿಗೋ ಹೋಯ್ತು. ಮೇಡಂ ಕೇಳಿದ್ದು ರೂಮು ಇಟ್ಟುಕೊಳ್ಳಲಾ ಬಿಡಲಾ ಅಂತ. ಒಬ್ಬರೂ ಲೆಕ್ಕದ ಮಾತು ಆಡ್ತಿಲ್ಲ.

ಬಾಡಿಗೆ ಚೀಟಿ
ಲೆಕ್ಕದ ಮಾತು ನಾನು ಆಡ್ತೇನೆ. ನಾನು ವಕೀಲ ಅಲ್ಲ. ನಮ್ಮ ಗಿರ್ಗಾಂವ್ ರೂಮಿಗಾಗಿ ಕೋರ್ಟು ಸುತ್ತಿ ಕಲಿತದ್ದು ಇದೆ. ಯಾರದೋ ಮಾತು ಕೇಳಿ ಸಹಿ ಹಾಕೋ ಮೊದಲು ಇದನ್ನು ಓದಿ.

ನಿಮ್ಮ ರೂಮಿಗೆ ಅನ್ವಯ ಆಗೋದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ. ಜಾರಿಗೆ ಬಂದದ್ದು 2000ದ ಮಾರ್ಚ್ 31ರಿಂದ. ಬಾಡಿಗೆದಾರರು ತೀರಿಕೊಂಡರೆ ಅವರ ಜೊತೆ ಅದೇ ಮನೆಯಲ್ಲಿ ವಾಸವಿದ್ದ ಕುಟುಂಬದವರಿಗೆ ಹಕ್ಕು ಹೋಗುತ್ತದೆ. ಅಂಥವರು ಯಾರೂ ಇಲ್ಲದಿದ್ದರೆ ವಾರಸುದಾರರಿಗೆ. ಅಂದರೆ ನಿಮಗೆ, ನಿಮ್ಮ ತಮ್ಮನಿಗೆ. ನಿಮ್ಮಿಬ್ಬರ ನಡುವೆ ಒಪ್ಪಂದ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಯಾರಿಗೆ ಅಂತ ಕೋರ್ಟು ಹೇಳಬೇಕು. ಹಾಗಾಗಿ ಮೊದಲು ತಮ್ಮನ ಜೊತೆ ಕೂತು ಮಾತಾಡಿ.

ಈಗ ಮುಖ್ಯ ವಿಷಯ. ಬೀಗ ಹಾಕಿ ಇಡೋದು ಅಪಾಯ. ಸರಿಯಾದ ಕಾರಣ ಇಲ್ಲದೆ ಸತತ ಆರು ತಿಂಗಳು ಮನೆ ಬಳಸದೆ ಬಿಟ್ಟರೆ ಅದನ್ನೇ ಹಿಡಿದು ಮಾಲೀಕರು ಖಾಲಿ ಮಾಡಿಸಲು ದಾವೆ ಹಾಕಬಹುದು. ಕರೆಂಟು ಬಿಲ್ಲು ಸೊನ್ನೆ ಬರ್ತಾ ಇದ್ದರೆ ಅದು ಅವರ ಕೈಗೆ ನೀವೇ ಕೊಟ್ಟ ಸಾಕ್ಷಿ. ನೀವು ಹೋಗಿ ಗುಡಿಸುತ್ತೀರಲ್ಲ, ಅದಕ್ಕೆ ಬೇರೆಯವರು ಹುಚ್ಚು ಅಂದರೂ ಕಾನೂನಿನ ಲೆಕ್ಕದಲ್ಲಿ ಒಳ್ಳೆಯದೇ. ಹೋದಾಗ ಒಂದೆರಡು ರಾತ್ರಿ ಅಲ್ಲೇ ಇರಿ. ಲೈಟು ಹಾಕಿ, ಫ್ಯಾನು ಹಾಕಿ, ಅಡುಗೆ ಮಾಡಿ. ಅಷ್ಟು ಮಾಡಿದರೆ ಸಾಕು ಅಂತ ನಾನು ಗ್ಯಾರಂಟಿ ಕೊಡಲಾರೆ, ವಕೀಲರನ್ನು ಕೇಳಿ.

ಹಳೇ ಸೆಸ್ ಕಟ್ಟಡ (ದುರಸ್ತಿಗೆ ಅಂತ ಸೆಸ್ ತೆರಿಗೆ ಕಟ್ಟುವ ಹಳೇ ಬಾಡಿಗೆ ಕಟ್ಟಡ) ಆಗಿದ್ದರೆ ಮುಂದೆ ಅದು ಕೆಡವಿ ಕಟ್ಟುವಾಗ ಹಳೇ ಬಾಡಿಗೆದಾರರಿಗೆ ಕನಿಷ್ಠ 300 ಚದರ ಅಡಿಯ ಮನೆ ಸಿಗಬೇಕು ಅಂತ ನಿಯಮ ಇದೆ, ಅದೂ ಸ್ವಂತದ್ದು. ಮಾಲೀಕರು ಈಗಲೇ "ಒಂದಿಷ್ಟು ದುಡ್ಡು" ಅಂತ ಯಾಕೆ ಓಡಿ ಬಂದರು ಅನ್ನೋದು ಈಗ ಗೊತ್ತಾಯ್ತಾ? ಇನ್ನು ಮಾರೋದೇ ಆದರೂ ಪಗಡಿ ರೂಮನ್ನು ಮಾಲೀಕರ ಒಪ್ಪಿಗೆ ತಗೊಂಡು ಬೇರೆಯವರಿಗೆ ವರ್ಗ ಮಾಡಬಹುದು. ರೂಢಿಯಲ್ಲಿ ಮಾಲೀಕರಿಗೆ ಸುಮಾರು ಮೂರರಲ್ಲಿ ಒಂದು ಪಾಲು ಹೋಗುತ್ತದೆ. ಸುಮ್ಮನೆ ಬರೆದುಕೊಡೋದಕ್ಕಿಂತ ಅದು ಎಷ್ಟೋ ವಾಸಿ.

ಬಾಡಿಗೆ ರಸೀದಿ ಯಾರ ಹೆಸರಲ್ಲಿದೆ?

ಪರೇಲ್ ಹುಡುಗಿ
ಅಪ್ಪನ ಹೆಸರಲ್ಲೇ ಇದೆ. ಅಪ್ಪ ಹೋದ ಮೇಲೆ ಅಮ್ಮ ಬದಲಾಯಿಸಿಲ್ಲ. ಆದರೆ ಪ್ರತಿ ತಿಂಗಳ ರಸೀದಿಯನ್ನೂ ದಾರದಲ್ಲಿ ಪೋಣಿಸಿ ಇಟ್ಟಿದ್ದಾರೆ.

ಬಾಡಿಗೆ ಚೀಟಿ
ಪೋಣಿಸಿದ್ದನ್ನು ಬಿಚ್ಚಬೇಡಿ. ಹಾಗೇ ಫೋಟೋ ತೆಗೆದಿಡಿ. ಅಪ್ಪನ ಮರಣ ಪ್ರಮಾಣಪತ್ರ, ಅಮ್ಮನದು, ರೇಷನ್ ಕಾರ್ಡು, ಅಮ್ಮನ ಹೆಸರಿನ ಯಾವುದಾದರೂ ಕಾಗದ ಆ ವಿಳಾಸಕ್ಕೆ ಬಂದದ್ದು. ಬಾಡಿಗೆಯನ್ನು ಮಾಲೀಕರು ತಗೊಳ್ಳದಿದ್ದರೆ ಮನಿಯಾರ್ಡರ್ ಮಾಡಿ, ವಾಪಸ್ ಬಂದ ಚೀಟಿ ಇಟ್ಟುಕೊಳ್ಳಿ.

ಬನಶಂಕರಿ ಬಾಲ್ಕನಿ
ಸರಿ, 300 ಚದರ ಅಡಿ ಪರೇಲ್‌ನಲ್ಲಿ ಸಿಗುತ್ತೆ ಅಂದ್ರೆ ನಾನೂ ಈಗ ಇಟ್ಟುಕೊಳ್ಳಿ ಅಂತೀನಿ. ಭಾವನೆಗೆ ಅಲ್ಲ, ಬೆಲೆಗೆ.

ವಾಶಿ ಅಕ್ಕ
ಬಾಲ್ಕನಿಯವರಿಗೂ ಮುಂಬೈ ಮೇಲೆ ಪ್ರೀತಿ ಹುಟ್ಟಿತು ನೋಡಿ. ಚದರ ಅಡಿ ಲೆಕ್ಕದಲ್ಲಿ.

ಠಾಣೆ ತೀರ
ನನ್ನದು ಬೇರೆಯೇ. ನಾನು ಮುಂಬೈ ಬಿಟ್ಟೇ ಇಲ್ಲ, ಅಮ್ಮ ಹೋದ ಮೇಲೂ ಇಲ್ಲೇ. ನಿಮಗೆ ಬೆಂಗಳೂರಿನಿಂದ ಬಂದಾಗ ಅಮ್ಮ ಸಿಗುತ್ತಾರೆ. ನನಗೆ ಇಲ್ಲೇ ಇದ್ದು ದಿನಾ ಕಳೆದುಹೋಗುತ್ತಾರೆ. ಅಮ್ಮನ ಜೊತೆ ಹತ್ತುತ್ತಿದ್ದ ಡಬಲ್ ಡೆಕರ್ ಬಸ್ಸು ಹೋಯ್ತು, 2023ರ ಸೆಪ್ಟೆಂಬರ್ 15ಕ್ಕೆ ಕೊನೆಯ ಓಟ. ಈಗಿನ ಎಸಿ ಡಬಲ್ ಡೆಕರ್‌ನಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕೋಕೆ ಆಗಲ್ಲ. ಮರುತಿಂಗಳು ಕಾಲಿಪೀಲಿ ಪದ್ಮಿನಿ ಟ್ಯಾಕ್ಸಿ ಹೋಯ್ತು. ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ ಈಗ ಪ್ರಭಾದೇವಿ. ಗಿರಣಿ ಇದ್ದಲ್ಲಿ ಮಾಲು. ಅಮ್ಮ ಈಗ ಎದ್ದು ಬಂದರೆ ಮನೆಗೆ ದಾರಿ ಕೇಳಬೇಕು.

ಹಾಗಾಗಿ ಊರನ್ನು ನಂಬಿ ನೆನಪು ಇಡಬೇಡಿ. ಈ ಊರು ಯಾರ ಅಮ್ಮನಿಗೂ ಕಾಯಲ್ಲ.

ಬೋರಿವಲಿ ಲೇಡೀಸ್
ಠಾಣೆಯವರೇ, ಅಷ್ಟು ಕಠಿಣ ಯಾಕೆ. ಮಾಟುಂಗಾಕ್ಕೆ ಹೋಗಿ ನೋಡಿ. ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಮಾಟುಂಗಾ ಪಶ್ಚಿಮದಲ್ಲಿ ಕರ್ನಾಟಕ ಸಂಘ ಇದೆ. ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ಮೇಳದವರು ಈಗಲೂ ಬರ್ತಾರೆ. ಎಲ್ಲವೂ ಹೋಗಿಲ್ಲ.

ಮರವಂತೆ ಮಾಣಿ
ಮಾಟುಂಗಾ ಅಂದ್ರಿ, ನನಗೆ ಹಸಿವಾಯ್ತು. ಪರೇಲ್ ಅಕ್ಕ, ಅಮ್ಮ ಕಾಫಿಗೆ ಎಲ್ಲಿಗೆ ಹೋಗ್ತಿದ್ದದ್ದು? ಕಿಂಗ್ಸ್ ಸರ್ಕಲ್ ಸ್ಟೇಷನ್‌ನಿಂದ ಇಳಿದು ರಾಮ ನಾಯಕರ ಬೋರ್ಡಿಂಗಿಗೆ ಹೋದರೆ ಬಾಳೆಲೆ ಊಟ, ಆ ಸಾರು...

ಗೋರೇಗಾಂವ್ಕರ
ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇರೋದು ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ ಹತ್ತಿರ. ಕಿಂಗ್ಸ್ ಸರ್ಕಲ್ ಸ್ಟೇಷನ್ ಹಾರ್ಬರ್ ಲೈನು. ಮಾಟುಂಗಾ ರೋಡ್ ವೆಸ್ಟರ್ನ್. ಮೂರೂ ಬೇರೆ. 1942ರ ಹೋಟೆಲು ಅದು. ಅದಕ್ಕಿಂತ ಮೊದಲು, 1936ರಲ್ಲಿ ಅದೇ ರಾಮ ನಾಯಕರು ಕಿಂಗ್ಸ್ ಸರ್ಕಲ್‌ನಲ್ಲಿ ಕೆಫೆ ಮೈಸೂರು ಶುರು ಮಾಡಿದ್ದು. ಆ ಸೆಂಟ್ರಲ್ ಮಾಟುಂಗಾ ಸ್ಟೇಷನ್ನೇ 2017ರಲ್ಲಿ ಪೂರ್ತಿ ಹೆಂಗಸರ ಕೈಗೆ ಬಂದದ್ದು. ಸ್ಟೇಷನ್ ಮ್ಯಾನೇಜರಿಂದ ಟಿಕೆಟ್ ಕೊಡುವವರ ತನಕ.

ಮರವಂತೆ ಮಾಣಿ
ನಿಮ್ಮ ಹತ್ತಿರ ಊಟದ ವಿಷಯ ಮಾತಾಡೋಕೂ ಟೈಮ್‌ಟೇಬಲ್ ಬೇಕು.

ಸೊಲ್ಲಾಪುರ ಗಾಡಿ
ನಾನು ಮೊನ್ನೆ ಬರೆದದ್ದು ಸ್ವಲ್ಪ ಖಾರ ಆಯ್ತೇನೋ ಅಂತ ಮನೆಯಾಕೆ ಅಂದಳು. ಖಾರ ಇದ್ದರೂ ಇರಲಿ, ಇದ್ದದ್ದು ಹಾಗೇ. ಆದರೆ ಇನ್ನೊಂದು ಅರ್ಧ ಹೇಳದೆ ಬಿಟ್ಟಿದ್ದೆ.

ಅವ್ವಗೆ ಮುಂಬೈ ಬೇಡ. ನನಗೆ ಬೇಕು. ನಾನು ಕಂಪನಿ ಕೆಲಸದ ಮೇಲೆ ಸಿದ್ಧೇಶ್ವರ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಮುಂಬೈಗೆ ಬಂದು ಇಳೀತೀನಿ. ಕೆಲಸ ಮುಗಿದ ಮೇಲೆ ಸುಮ್ನೆ ಅಂಧೇರಿ ಕಡೆ ಹೋಗ್ತೀನಿ. ಆ ಕಟ್ಟಡದ ಎದುರು ಒಂದು ವಡಾಪಾವ್ ಗಾಡಿ ಐತಿ. ಅಲ್ಲಿ ನಿಂತು ತಿಂತೀನಿ, ಏಳನೇ ಮಾಳಿಗೆ ನೋಡ್ತೀನಿ. ಅವ್ವ ಇದ್ದಿದ್ದರೆ "ಅದನ್ನೇನು ನೋಡ್ತಿ, ಹೋಗೋಣ ನಡಿ" ಅಂತಿದ್ದಳು. ಆಕೆಗೆ ಆ ಕಟ್ಟಡ ಬರೀ ಬೆನ್ನು ನೋವು. ನನಗೆ ಆಕೆಯ ಕೈ ತಾಗಿದ್ದು ಇನ್ನೂ ನಿಂತಿರೋದು ಅಂದರೆ ಅದೊಂದೇ. ಊರಿನ ಮನೆ ಮಳೆಗೆ ಬಿದ್ದುಹೋಗಿದೆ.

ಅದಕ್ಕೇ ಹೇಳ್ತೀನಿ, ತಂಗಿ, ಅಮ್ಮಗೆ ಇಷ್ಟ ಇತ್ತೋ ಇಲ್ಲವೋ ಅಂತ ಲೆಕ್ಕ ಹಾಕಬೇಡ. ನಿನಗೆ ಬೇಕಾ, ಇಟ್ಟುಕೋ.

ವಾಶಿ ಅಕ್ಕ
ಒಳಗೆ ಬಿಡ್ತಾರಾ ಈಗಲಾದರೂ?

ಸೊಲ್ಲಾಪುರ ಗಾಡಿ
ಕೇಳಿಲ್ಲ ರೀ. ಕೇಳಿ ಬಿಟ್ಟರೆ ಒಳಗೆ ಹೋಗಿ ಏನು ಮಾಡಲಿ.

ಠಾಣೆ ತೀರ
ನಾನು ಬರೆದದ್ದು ವಾಪಸ್ ತಗೊಳ್ಳಲ್ಲ. ಆದರೆ ಮುಂದಿನ ಸಲ ಅಂಧೇರಿಗೆ ಬರುವಾಗ ಹೇಳಿ ಅಣ್ಣ, ವಡಾಪಾವ್ ನನ್ನ ಲೆಕ್ಕ.

ಹೊಸಬ
2005ರ ಮಳೆಯ ಬಗ್ಗೆ ಯಾರೂ ಹೇಳಿಲ್ಲ. ಮುಂಬೈ ಸ್ಪಿರಿಟ್ ಅಂತಾರಲ್ಲ?

ವಾಶಿ ಅಕ್ಕ
ಜುಲೈ 26, ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್. ನಾನು ಸಯಾನ್‌ನಲ್ಲಿ ಒಬ್ಬರ ಮನೆಯಲ್ಲಿ ರಾತ್ರಿ ಕಳೆದೆ, ಅವರ ಹೆಸರೂ ಕೇಳಿಲ್ಲ. ಸ್ಪಿರಿಟ್ಟೂ ಅಲ್ಲ ಏನೂ ಅಲ್ಲ ಮಗಾ. ಮರುದಿನ ಕೆಲಸಕ್ಕೆ ಹೋಗದಿದ್ದರೆ ಸಂಬಳ ಹಿಡಿಯುತ್ತಾರೆ, ಅದಕ್ಕೆ ಹೋಗೋದು. ಆದರೆ ಆ ಮನೆಯವರು ಕೊಟ್ಟ ಖಿಚಡಿ ಮಾತ್ರ ಮರೆತಿಲ್ಲ.

ಪರೇಲ್ ಹುಡುಗಿ
ಎಲ್ಲರಿಗೂ ಉತ್ತರ ಬರೆಯೋಕೆ ಆಗಲಿಲ್ಲ, ಆಫೀಸ್ ಕೆಲಸ. ನಿನ್ನೆ ತಮ್ಮನಿಗೆ ಫೋನ್ ಮಾಡಿದೆ. ಬಾಡಿಗೆ ಚೀಟಿಯವರು ಹೇಳಿದ್ದನ್ನು ಓದಿ ಹೇಳಿದೆ. 300 ಚದರ ಅಡಿ ಅಂದ ಕೂಡಲೇ ಅವನ ಧ್ವನಿಯೇ ಬದಲಾಯ್ತು, ಥೇಟ್ ಬಾಲ್ಕನಿಯವರ ಹಾಗೆ. ಸದ್ಯಕ್ಕೆ ಏನೂ ಬರೆದುಕೊಡೋದಿಲ್ಲ ಅಂತ ಒಪ್ಪಿದ್ದೇವೆ. ಇಬ್ಬರೂ ಸೇರಿ ವಕೀಲರನ್ನು ನೋಡೋದು ಅಂತಾಯ್ತು. ಖೋಲಿಗೆ ಅವನೂ ಬರ್ತಾನಂತೆ. ಅಮ್ಮ ಹೋದ ಮೇಲೆ ಅವನು ಒಂದು ಸಲವೂ ಬಾಗಿಲು ತೆಗೆದಿಲ್ಲ. "ನೀನು ಹೋಗ್ತೀಯಲ್ಲ, ಸಾಕು" ಅಂತಿದ್ದ. ಅವನಿಗೆ ಬೇಡ ಅಂತ ನಾನು ತಿಳಿದಿದ್ದೆ. ಅವನಿಗೆ ಆಗ್ತಿರಲಿಲ್ಲವಂತೆ.

ಬೇಸಿಗೆಗೆ ಲಾಲ್‌ಬಾಗ್‌ನಲ್ಲಿ ಮಸಾಲೆ ಕುಟ್ಟಿಸಬೇಕು ಅಂತ ಇದ್ದೇನೆ. ಅಮ್ಮ ಪ್ರತಿವರ್ಷ ಬ್ಯಾಡಗಿ ಮೆಣಸು ಆರಿಸಿ, ಅಲ್ಲೇ ಹುರಿಸಿ, ಡಂಕ್ (ಮಸಾಲೆ ಕುಟ್ಟೋ ಯಂತ್ರ) ಮುಂದೆ ನಿಂತು ಕುಟ್ಟಿಸುತ್ತಿದ್ದರು. ಮನೆಗೆ ತಂದ ಹಳೇ ಪುಡಿ ಮುಗಿಯುತ್ತಾ ಬಂತು. ಅಳತೆಯ ಚೀಟಿ ಸಿಕ್ಕಿದೆ: ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು, ಕೊನೆಯಲ್ಲಿ ದಗಡ್ ಫೂಲ್.

ಮರವಂತೆ ಮಾಣಿ
ದಗಡ್ ಫೂಲಾ? ನಮ್ಮ ಕಡೆ ಮಸಾಲೆಗೆ ಕಲ್ಲುಹೂವು ಯಾರು ಹಾಕ್ತಾರೆ ಮಾರಾಯ್ರೆ! ಕಾರ್ಕಳದವರು ಹಾಕೋದೇ ಇಲ್ಲ.

ಪರೇಲ್ ಹುಡುಗಿ
ಪಕ್ಕದ ಖೋಲಿಯ ಮಾವಶಿ ಕಲಿಸಿದ್ದು. ಊರಿನ ಅಜ್ಜಿ ಮೂಸಿ ನೋಡಿ "ಇದು ನಮ್ಮದಲ್ಲ" ಅಂತ ಒಂದು ಸಲ ಪುಡಿ ವಾಪಸ್ ಕಳಿಸಿದ್ದರು. ಅಮ್ಮ ಮುಂದಿನ ವರ್ಷ ಇನ್ನೂ ಸ್ವಲ್ಪ ಜಾಸ್ತಿ ಹಾಕಿಸಿದರು.

ಬೋರಿವಲಿ ಲೇಡೀಸ್
ನಿಮ್ಮಮ್ಮ ನನಗೆ ಇಷ್ಟ ಆದರು!

ಗೋರೇಗಾಂವ್ಕರ
ಏಪ್ರಿಲ್ ಮೇಯಲ್ಲಿ ಡಂಕ್ ಮುಂದೆ ಸಾಲು ಉದ್ದ. ಮಾರ್ಚ್‌ನಲ್ಲೇ ಹೋಗಿ. ಮೆಣಸಿನ ಘಾಟಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬ್ಯಾಡಗಿ ಅಂತ ಬೇರೆ ಮೆಣಸು ಕೊಡುವವರೂ ಇದ್ದಾರೆ. ಸುಕ್ಕು ಇದೆಯಾ, ಬಣ್ಣ ಗಾಢ ಇದೆಯಾ ನೋಡಿ ತಗೊಳ್ಳಿ.

ಪರೇಲ್ ಹುಡುಗಿ
ಮಾರ್ಚ್‌ಗೇ ಉದ್ಯಾನ್ ಎಕ್ಸ್‌ಪ್ರೆಸ್ ಟಿಕೆಟ್ ಮಾಡಿದ್ದೇನೆ. ತಮ್ಮ ಮಂಗಳೂರಿನಿಂದ ಬರ್ತಾನೆ. ಯಾರಿಗಾದರೂ ಪುಡಿ ಬೇಕಿದ್ದರೆ ಈಗಲೇ ಹೇಳಿ. ಕುಟ್ಟಿಸಿದ ಮೇಲೆ ಕೇಳಿದರೆ ಇಲ್ಲ.

ಸೊಲ್ಲಾಪುರ ಗಾಡಿ
ನನಗೆ ಒಂದು ಕೆಜಿ. ಖಾರ ಇರಲಿ.

ಬನಶಂಕರಿ ಬಾಲ್ಕನಿ
ನನಗೆ ಅರ್ಧ ಕೆಜಿ. ದಗಡ್ ಫೂಲ್ ಇಲ್ಲದ್ದು.

ಪರೇಲ್ ಹುಡುಗಿ
ಇಲ್ಲದ್ದು ಮಾಡಲ್ಲ.